ಲಾಫಿಂಗ್ ಕ್ಲಬ್ ಸೇರಿದ ಅಪ್ಪ ಬಿಪಿ ಮಾತ್ರೆ ಬಿಟ್ಟಿದ್ದಾರೆ. ನಗುವಿಗೆ ಅಷ್ಟು ಶಕ್ತಿ ಇದೆಯಾ?

ನಿಟ್ಟುವಳ್ಳಿ ಮಗಳು

ದಾವಣಗೆರೆ ಬಳಗಕ್ಕೆ ನಮಸ್ಕಾರ. ತಿಳಿದವರು ಯಾರಾದರೂ ಹೇಳಿ. ಮನೆಯಲ್ಲಿ ದಿನಾ ಇದೇ ಜಗಳ.

ಅಪ್ಪನಿಗೆ 67 ವರ್ಷ. ಎಪಿಎಂಸಿಯ ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದವರು. ಅಮ್ಮ ತೀರಿಕೊಂಡ ಮೇಲೆ ಮಾತೇ ಕಡಿಮೆಯಾಯಿತು. ಟಿವಿ ಹಚ್ಚಿಕೊಂಡು ಕೂರುವುದು, ಹಾಕಿದ್ದನ್ನು ಉಣ್ಣುವುದು, ಮಲಗುವುದು. ಹಿಂದಿನ ಬೀದಿಯ ಅಂಕಲ್ ಒಬ್ಬರು ಬಿಡದೆ ಎಬ್ಬಿಸಿಕೊಂಡು ಹೋಗಿ ಪಾರ್ಕಿನ ಲಾಫಿಂಗ್ ಕ್ಲಬ್‌ಗೆ ಸೇರಿಸಿದರು. ಈಗ ನಮ್ಮಪ್ಪ ಬೇರೆಯೇ ಮನುಷ್ಯ. ಬೆಳಕು ಹರಿಯುವ ಮೊದಲೇ ಶೂ ಹಾಕಿಕೊಂಡು ರೆಡಿ. ಬರುವಾಗ ಊರಿನ ಸುದ್ದಿಯೆಲ್ಲ ಹೊತ್ತು ತರುತ್ತಾರೆ. ಅದಕ್ಕೆ ನನಗೆ ಖುಷಿಯೇ.

ಸಮಸ್ಯೆ ಬೇರೆ. ಕ್ಲಬ್‌ನಲ್ಲಿ ಯಾರೋ "ದಿನಾ ಇಪ್ಪತ್ತು ನಿಮಿಷ ನಕ್ಕರೆ ಬಿಪಿ, ಶುಗರ್ ಎರಡೂ ಓಡಿಹೋಗುತ್ತವೆ" ಎಂದಿದ್ದಾರೆ. ಹೋದ ವಾರ ಹಾವೇರಿ ಕಡೆ ಮದುವೆಗೆ ಹೋದಾಗ ಮಾತ್ರೆ ಡಬ್ಬಿ ಮನೆಯಲ್ಲೇ ಉಳಿಯಿತು. ವಾಪಸ್ ಬಂದು ಮಷಿನ್ ಕಟ್ಟಿ ನೋಡಿದರೆ 128/80. ಅಷ್ಟೇ ಸಾಕಾಯಿತು. "ನೋಡವ್ವಾ, ಮಾತ್ರೆ ಇಲ್ಲದೇ ನಾರ್ಮಲ್. ಇದೆಲ್ಲ ನಗುವಿನ ಕೆಲಸ" ಎಂದು ಡಬ್ಬಿ ಎತ್ತಿ ಬೀರುವಿನಲ್ಲಿ ಇಟ್ಟುಬಿಟ್ಟರು. ಅಮ್ಲೋಡಿಪಿನ್ 5 ಎಂಜಿ, ಬೆಳಿಗ್ಗೆ ಒಂದು. ಜೋರು ಮಾಡಿ ಹೇಳಿದರೆ ಕ್ಲಬ್ಬನ್ನೂ ಬಿಟ್ಟುಬಿಡುತ್ತಾರೇನೋ ಎಂದು ಹೆದರಿಕೆ. ಏನು ಮಾಡಲಿ?

ಖಾರಾ ಮಂಡಕ್ಕಿ

ಮಾತ್ರೆ ಬಿಡುವುದಾದರೆ ಬೆಣ್ಣೆ ದೋಸೆ, ಮಿರ್ಚಿ ಎರಡನ್ನೂ ಬಿಡಲಿ ಎಂದು ಷರತ್ತು ಹಾಕಿ. ಆಮೇಲೆ ಎಷ್ಟು ನಗುತ್ತಾರೆ ನೋಡೋಣ.

ವಾರ್ಡ್ ಸಿಸ್ಟರ್

ತಮಾಷೆ ಆಮೇಲೆ. ಮೊದಲು ಮಾತ್ರೆ.

ನಿಟ್ಟುವಳ್ಳಿಯವರೇ, ಆ 128/80 ನಗುವಿನದಲ್ಲ, ಬಹುಪಾಲು ಹಳೆಯ ಮಾತ್ರೆಯದೇ. ಅಮ್ಲೋಡಿಪಿನ್ ಮೈಯಿಂದ ಬಹಳ ನಿಧಾನವಾಗಿ ಇಳಿಯುವ ಔಷಧಿ. ಅದರ ಅರ್ಧ ಭಾಗ ಖಾಲಿಯಾಗಲಿಕ್ಕೇ 30ರಿಂದ 50 ಗಂಟೆ ಬೇಕು. ವರ್ಷಗಟ್ಟಲೆ ತಗೊಂಡವರು ಎರಡು ದಿನ ಬಿಟ್ಟರೂ ಮೈಯಲ್ಲಿ ಕೆಲಸ ನಡೆದೇ ಇರುತ್ತದೆ. ಆಮೇಲೆ ಬಿಪಿ ಮೆಲ್ಲಗೆ ಏರುತ್ತದೆ. ತಲೆನೋವಿಲ್ಲ, ಸುಸ್ತಿಲ್ಲ, ಏನೂ ಗೊತ್ತಾಗುವುದಿಲ್ಲ. ನಮ್ಮ ವಾರ್ಡಿಗೆ ಲಕ್ವ ಹೊಡೆದು ಬರುವವರ ಮನೆಯವರನ್ನು ಕೇಳಿದರೆ ಆಗಾಗ ಬರುವ ಉತ್ತರ ಒಂದೇ: "ಬಿಪಿ ನಾರ್ಮಲ್ ಇತ್ತಲ್ಲ ಸಿಸ್ಟರ್, ಅದಕ್ಕೇ ಮಾತ್ರೆ ಬಿಟ್ಟಿದ್ದರು."

ಇನ್ನೊಂದು ಮಾತು, ಇದನ್ನು ಓದುವ ಬೇರೆಯವರಿಗೂ. ಕೆಲವರಿಗೆ ಮೆಟೊಪ್ರೊಲಾಲ್, ಅಟೆನೊಲಾಲ್ ಥರದ ಮಾತ್ರೆ ಕೊಟ್ಟಿರುತ್ತಾರೆ. ಅದನ್ನು ದಿಢೀರ್ ನಿಲ್ಲಿಸಿದರೆ ಎದೆಬಡಿತ, ಬಿಪಿ ಎರಡೂ ಜಿಗಿಯುತ್ತವೆ. ಹಾರ್ಟ್ ತೊಂದರೆ ಇದ್ದವರಿಗೆ ಅದು ಅಪಾಯ. ಮಾತ್ರೆ ಕಡಿಮೆ ಮಾಡುವುದಿದ್ದರೆ ಬರೆದುಕೊಟ್ಟ ಡಾಕ್ಟರೇ ಮಾಡಬೇಕು.

ಜೋರಾಗಿ ನಗುವಾಗ ಬಿಪಿ ಮೊದಲು ಏರುತ್ತದೆ, ನಾಡಿಯೂ ಏರುತ್ತದೆ. ನಗು ನಿಂತ ಮೇಲೆ ಸ್ವಲ್ಪ ಹೊತ್ತು ಇಳಿಯುತ್ತದೆ. ಪಾರ್ಕಿನಿಂದ ಬಂದು ಆರಾಮಾಗಿ ಕೂತು ನೋಡಿಕೊಂಡರೆ ಕಡಿಮೆ ಕಾಣುವುದು ಸಹಜವೇ. ಅಪ್ಪನಿಗೆ ಕ್ಲಬ್ ಬೇಡ ಎನ್ನಬೇಡಿ. ಮಾತ್ರೆ ನುಂಗಿ ನಗಲಿಕ್ಕೆ ಹೋಗಲಿ.

ಪಾರ್ಕ್ ಎದುರಿನ ಮನೆ

ಎಲ್ಲರೂ ಕ್ಲಬ್ ಒಳ್ಳೆಯದು, ಕ್ಲಬ್ ಒಳ್ಳೆಯದು ಎನ್ನುತ್ತಿದ್ದೀರಿ. ನನ್ನ ಆರೋಗ್ಯದ ಬಗ್ಗೆ ಯಾರೂ ಕೇಳುತ್ತಿಲ್ಲ. ನನ್ನದು ರಾತ್ರಿ ಪಾಳಿ ಕೆಲಸ. ಮೂರೂವರೆಗೆ ಲ್ಯಾಪ್‌ಟಾಪ್ ಮುಚ್ಚಿ ಮಲಗಿದರೆ, ಆರು ಗಂಟೆಗೆ ಕಿಟಕಿಯ ಹತ್ತಿರವೇ ಮೂವತ್ತು ಜನ "ಹೋ ಹೋ ಹಾ ಹಾ ಹಾ" ಎಂದು ಕಿರುಚುತ್ತಾರೆ. ಅದು ನಗುವೂ ಅಲ್ಲ, ಡ್ರಿಲ್. ಒಬ್ಬರು ಸೀಟಿ ಬೇರೆ ಊದುತ್ತಾರೆ. ಜೋಕಾದರೂ ಹೇಳಿ ನಗಿಸಬಾರದಾ? ಏನಕ್ಕೆ ನಗುತ್ತಿದ್ದೀರಿ ಎಂದರೆ "ಸುಮ್ನೆ" ಎನ್ನುತ್ತಾರೆ.

ದುರ್ಗದ ಮೇಷ್ಟ್ರು

ಸುಮ್ಮನೆ ನಗುವುದಕ್ಕೆ ಒಂದು ಕಥೆ ಇದೆ. ಮದನ್ ಕಟಾರಿಯಾ ಎನ್ನುವ ಡಾಕ್ಟರು ಮುಂಬೈನ ಪಾರ್ಕೊಂದರಲ್ಲಿ 1995ರ ಮಾರ್ಚ್ 13ರಂದು ಐದೇ ಜನರ ಜೊತೆ ಇದನ್ನು ಶುರು ಮಾಡಿದರು. ಆರಂಭದಲ್ಲಿ ಜೋಕ್ ಹೇಳಿಕೊಂಡೇ ನಗುತ್ತಿದ್ದರು. ಆದರೆ ಜೋಕು ಎಷ್ಟು ದಿನ ಇರುತ್ತವೆ? ಎರಡು ವಾರದಲ್ಲಿ ಒಳ್ಳೆಯ ಜೋಕೆಲ್ಲ ಖಾಲಿ. ಆಮೇಲೆ ಹೊಲಸು ಜೋಕು, ಒಬ್ಬರನ್ನು ಆಡಿಕೊಳ್ಳುವ ಜೋಕು ಶುರುವಾದವು. ಕೆಲವರು ಸಿಟ್ಟಾದರು. ಆಗ ಕಟಾರಿಯಾ ಜೋಕನ್ನೇ ತೆಗೆದುಹಾಕಿದರು. ಮೊದಲು ನಗುವ ನಟನೆ ಮಾಡಿ, ಎದುರಿನವರ ಮುಖ ನೋಡಿ, ಉಳಿದದ್ದು ತಾನೇ ಬರುತ್ತದೆ ಎಂದರು. ಅದಕ್ಕೆ ಉಸಿರಾಟದ ವ್ಯಾಯಾಮ ಸೇರಿಸಿ ಲಾಫ್ಟರ್ ಯೋಗ ಎಂದು ಹೆಸರಿಟ್ಟರು. 1998ರಲ್ಲಿ ಮುಂಬೈನಲ್ಲೇ ಮೊದಲ ವಿಶ್ವ ನಗೆ ದಿನ ನಡೆಯಿತು. ಈಗ ಅದನ್ನು ಮೇ ತಿಂಗಳ ಮೊದಲ ಭಾನುವಾರ ಮಾಡುತ್ತಾರೆ.

ನಾನೂ ಚಂದ್ರವಳ್ಳಿ ಕಡೆ ವಾಕಿಂಗ್ ಹೋಗುವವನು. ನಮ್ಮದು ಕ್ಲಬ್ ಅಲ್ಲ, ನಾಲ್ಕು ಜನ ನಿವೃತ್ತರು. ಜೋಕ್ ಯಾರೂ ಹೇಳುವುದಿಲ್ಲ. ಆದರೂ ನಗು ನಿಲ್ಲುವುದಿಲ್ಲ.

ಪಾರ್ಕ್ ಎದುರಿನ ಮನೆ

ಮೇಷ್ಟ್ರೇ, ಕಥೆ ಚೆನ್ನಾಗಿದೆ. ಸೀಟಿ ಯಾಕೆ ಎಂದು ಅದರಲ್ಲಿ ಬರಲಿಲ್ಲ.

ಫಿಸಿಯಾಲಜಿ ಲ್ಯಾಬ್

ಇಲ್ಲೇ ಮೆಡಿಕಲ್ ಕಾಲೇಜೊಂದರಲ್ಲಿ ಪಾಠ ಮಾಡುತ್ತೇನೆ. "ನಗು ಒಳ್ಳೆಯ ಔಷಧಿ" ಎನ್ನುವ ಮಾತು ಆಸ್ಪತ್ರೆಯ ಗೋಡೆಗಳ ಮೇಲೆಲ್ಲ ಇರುತ್ತದೆ. ಅದಕ್ಕೆ ಇವತ್ತಿನ ಕಾಲದಲ್ಲಿ ಹೆಸರು ತಂದವನು ಡಾಕ್ಟರ್ ಅಲ್ಲ, ರೋಗಿ. ನಾರ್ಮನ್ ಕಸಿನ್ಸ್ ಎಂಬ ಅಮೆರಿಕದ ಪತ್ರಿಕಾ ಸಂಪಾದಕ. 1964ರಲ್ಲಿ ಬೆನ್ನು, ಕೀಲು ಎಲ್ಲ ಹಿಡಿದುಕೊಂಡು ಹಾಸಿಗೆ ಹಿಡಿದ. ಆಂಕೈಲೋಸಿಂಗ್ ಸ್ಪಾಂಡಿಲೈಟಿಸ್ ಎಂದರು. ಆಸ್ಪತ್ರೆ ಬಿಟ್ಟು ಹೋಟೆಲ್ ರೂಮು ಹಿಡಿದು ಹಾಸ್ಯ ಸಿನಿಮಾ ಹಾಕಿಸಿಕೊಂಡು ನೋಡಿದ. ಹತ್ತು ನಿಮಿಷ ಹೊಟ್ಟೆ ಹಿಡಿದುಕೊಂಡು ನಕ್ಕರೆ ಎರಡು ಗಂಟೆ ನೋವಿಲ್ಲದ ನಿದ್ದೆ ಬರುತ್ತದೆ ಎಂದು 1976ರಲ್ಲಿ ದೊಡ್ಡ ವೈದ್ಯಕೀಯ ಪತ್ರಿಕೆಯಲ್ಲೇ ಬರೆದ. ಎಲ್ಲರೂ ನಗುವನ್ನು ಹಿಡಿದುಕೊಂಡರು. ಅವನು ಜೊತೆಗೆ ವಿಟಮಿನ್ ಸಿ ಕೂಡ ಭಾರಿ ಪ್ರಮಾಣದಲ್ಲಿ ತಗೊಂಡಿದ್ದ. ಆ ರೋಗ ತಾನಾಗಿಯೇ ಏರಿ ಇಳಿಯುವಂಥದ್ದು. ಒಬ್ಬನ ಅನುಭವದಿಂದ ಯಾವುದು ಕೆಲಸ ಮಾಡಿತು ಎಂದು ಹೇಳಲಿಕ್ಕೆ ಆಗುವುದಿಲ್ಲ.

ಆದರೆ ನೋವಿನ ವಿಷಯದಲ್ಲಿ ಅವನ ಮಾತು ಪೂರ್ತಿ ಸುಳ್ಳಲ್ಲ. ಆಕ್ಸ್‌ಫರ್ಡ್‌ನ ರಾಬಿನ್ ಡನ್ಬಾರ್ ತಂಡ ಜನರಿಗೆ ಹಾಸ್ಯದ ವಿಡಿಯೋ ತೋರಿಸಿ, ಮೊದಲೂ ಆಮೇಲೂ ತೋಳಿಗೆ ಫ್ರೀಜರ್‌ನಲ್ಲಿಟ್ಟ ಪಟ್ಟಿ ಸುತ್ತಿತು. ಇಲ್ಲವೇ ಬಿಪಿ ಪಟ್ಟಿ ಕಟ್ಟಿ ಬಿಗಿ ಮಾಡಿತು. ನಕ್ಕ ಮೇಲೆ ಜನ ಜಾಸ್ತಿ ಹೊತ್ತು ತಡೆದುಕೊಂಡರು. ನಗದೆ ಸುಮ್ಮನೆ ಖುಷಿಯಾಗಿದ್ದವರಲ್ಲಿ ಹಾಗಾಗಲಿಲ್ಲ. 2017ರಲ್ಲಿ ಫಿನ್ಲೆಂಡಿನವರು 12 ಗಂಡಸರಿಗೆ ಮೆದುಳಿನ ಸ್ಕ್ಯಾನ್ ಮಾಡಿ ನೋಡಿದರು. ಗೆಳೆಯರ ಜೊತೆ ಕೂತು ನಕ್ಕ ಮೇಲೆ ಮೆದುಳಿನಲ್ಲಿ ಎಂಡಾರ್ಫಿನ್ ಥರದ ವಸ್ತುಗಳು ಹೊರಬಂದಿದ್ದವು. ಮಾರ್ಫಿನ್ ಕೂರುವ ಜಾಗದಲ್ಲೇ ಇವೂ ಹೋಗಿ ಕೂರುತ್ತವೆ. ಗೆಳೆಯರ ಜೊತೆ ಎನ್ನುವುದನ್ನು ಗಮನಿಸಿ.

ರಕ್ತನಾಳದ್ದೂ ಒಂದಿದೆ. 2005ರಲ್ಲಿ ಮೇರಿಲ್ಯಾಂಡಿನ ಮೈಕೆಲ್ ಮಿಲ್ಲರ್ 20 ಜನ ಆರೋಗ್ಯವಂತರಿಗೆ ಒಮ್ಮೆ ಯುದ್ಧದ ಸಿನಿಮಾ, ಒಮ್ಮೆ ಹಾಸ್ಯದ್ದು ತೋರಿಸಿದ. ಹಾಸ್ಯ ನೋಡಿದಾಗ ತೋಳಿನ ರಕ್ತನಾಳ ಹೆಚ್ಚು ಸಡಿಲವಾಯಿತು, ಯುದ್ಧ ನೋಡಿದಾಗ ಬಿಗಿಯಾಯಿತು. ಒಳ್ಳೆಯ ಸುದ್ದಿಯೇ. ಆದರೆ 20 ಜನ, ಅದೂ ಆ ಹೊತ್ತಿನ ಮಾತು. ಇದರಿಂದ ಹಾರ್ಟ್ ಅಟ್ಯಾಕ್ ತಪ್ಪುತ್ತದೆ ಎನ್ನಲಿಕ್ಕೆ ಬಹಳ ದೂರ ಹೋಗಬೇಕು.

ಖಾರಾ ಮಂಡಕ್ಕಿ

ತೂಕ ಇಳಿಯುತ್ತದೆಯಾ ಸರ್? ಅದೊಂದು ಹೇಳಿಬಿಡಿ.

ಫಿಸಿಯಾಲಜಿ ಲ್ಯಾಬ್

ದಿನಕ್ಕೆ 10ರಿಂದ 15 ನಿಮಿಷ ನಿಜವಾಗಿ ನಕ್ಕರೆ 10ರಿಂದ 40 ಕ್ಯಾಲೊರಿ. ನಿಮ್ಮ ದೋಸೆಯ ಮೇಲಿನ ಬೆಣ್ಣೆಗೂ ಸಾಲದು.

ಕ್ಯಾಂಪ್ ಕಲಾವಿದ

ನಾನು ಕಂಪನಿ ನಾಟಕದಲ್ಲಿ ಕಾಮಿಕ್ ಪಾತ್ರ ಮಾಡಿಕೊಂಡು ಬಂದವನು. ಜಾತ್ರೆ ಕ್ಯಾಂಪುಗಳಲ್ಲಿ ಜನರನ್ನು ನಗಿಸಿಯೇ ಹೊಟ್ಟೆ ಹೊರೆದದ್ದು. ಡಾಕ್ಟರ್ ಸಾಹೇಬರು "ಗೆಳೆಯರ ಜೊತೆ" ಎಂದರಲ್ಲ, ಅದು ನಮಗೆ ಸ್ಕ್ಯಾನ್ ಇಲ್ಲದೇ ಗೊತ್ತಿದೆ.

ಥಿಯೇಟರ್ ತುಂಬಿದ ದಿನ ನಾನು ವಿಂಗ್‌ನಿಂದ ಬರೀ ತಲೆ ಹೊರಗೆ ಹಾಕಿದರೆ ಸಾಕು, ಜನ ಬಿದ್ದು ಬಿದ್ದು ನಗುತ್ತಿದ್ದರು. ಅದೇ ಮಾತು, ಅದೇ ನಡಿಗೆ, ಮಳೆ ಬಂದು ಅಲ್ಲಲ್ಲಿ ನಾಲ್ಕು ಜನ ಕೂತ ದಿನ ಮಾಡಿದರೆ ಒಬ್ಬರೂ ಹಲ್ಲು ಬಿಡುವುದಿಲ್ಲ. ಅದಕ್ಕೇ ಮ್ಯಾನೇಜರು ಜನ ಕಡಿಮೆ ಇದ್ದ ದಿನ ಹಿಂದಿನವರನ್ನೆಲ್ಲ ಮುಂದಿನ ಕುರ್ಚಿಗೆ ಕರೆದು ಒತ್ತೊತ್ತಾಗಿ ಕೂರಿಸುತ್ತಿದ್ದರು. ಟಿಕೆಟ್ ದುಡ್ಡು ಹೋದರೂ ಪರವಾಗಿಲ್ಲ, ನಗು ಹೋಗಬಾರದು ಎಂದು. ಭುಜಕ್ಕೆ ಭುಜ ತಾಗಿದರೆ ನಗು ತಾನೇ ಹತ್ತಿಕೊಳ್ಳುತ್ತದೆ.

ನಗಿಸುವವರ ಆರೋಗ್ಯ ಮಾತ್ರ ಕೇಳಬೇಡಿ. ರಾತ್ರಿ ಒಂದಕ್ಕೆ ಬಣ್ಣ ತೆಗೆದು ಊಟ, ನಾಲ್ಕಕ್ಕೆ ನಿದ್ದೆ, ನಡುವೆ ಬೀಡಿ. ನನ್ನ ಜೊತೆಯ ಕಾಮಿಕ್ ನಟರಲ್ಲಿ ಶುಗರ್ ಇಲ್ಲದವರನ್ನು ಹುಡುಕಬೇಕು. ಊರನ್ನೆಲ್ಲ ನಗಿಸಿದವರು ಇವರು. ನಗುವೇ ಔಷಧಿಯಾಗಿದ್ದರೆ ನಾವೆಲ್ಲ ನೂರು ವರ್ಷ ಬದುಕಬೇಕಿತ್ತು.

ಹಾಂ, ನಾಟ್ಯಶಾಸ್ತ್ರದಲ್ಲಿ ಹಾಸ್ಯಕ್ಕೆ ಆರು ಬಗೆ ಹೇಳಿದ್ದಾರೆ. ಹಲ್ಲು ಕಾಣದ ಸ್ಮಿತ, ಸ್ವಲ್ಪ ಹಲ್ಲು ಕಾಣುವ ಹಸಿತ ಇವು ಉತ್ತಮರದು. ವಿಹಸಿತ, ಉಪಹಸಿತ ಮಧ್ಯಮರದು. ಕಣ್ಣಲ್ಲಿ ನೀರು ಬಂದು, ಪಕ್ಕೆ ಹಿಡಿದುಕೊಂಡು ನಗುವ ಅಪಹಸಿತ, ಅತಿಹಸಿತ ಅಧಮರದು.

ಪಾರ್ಕ್ ಎದುರಿನ ಮನೆ

ಕಲಾವಿದರೇ, ಕೊನೆಯ ಸಾಲನ್ನು ದೊಡ್ಡ ಅಕ್ಷರದಲ್ಲಿ ಪ್ರಿಂಟ್ ಮಾಡಿ ಪಾರ್ಕ್ ಗೇಟಿಗೆ ಅಂಟಿಸುತ್ತೇನೆ.

ಲೆಕ್ಕದ ಮನುಷ್ಯ

ಕಲಾವಿದರು ಹೇಳಿದ್ದಕ್ಕೆ ಹೊಂದುವ ಲೆಕ್ಕ ಒಂದಿದೆ. ಲೂಯಿಸ್ ಟರ್ಮನ್ ಎಂಬ ಮನಶ್ಶಾಸ್ತ್ರಜ್ಞ 1921ರಲ್ಲಿ ಕ್ಯಾಲಿಫೋರ್ನಿಯಾದ ಸುಮಾರು 1,500 ಜಾಣ ಮಕ್ಕಳನ್ನು ಆರಿಸಿ, ಅವರ ಸ್ವಭಾವವನ್ನೆಲ್ಲ ಬರೆದಿಟ್ಟ. ಆ ಮಕ್ಕಳು ಮುದುಕರಾಗುವವರೆಗೂ ಲೆಕ್ಕ ಮುಂದುವರಿಯಿತು. 1993ರಲ್ಲಿ ಹೊವಾರ್ಡ್ ಫ್ರೀಡ್‌ಮನ್ ತಂಡ ಅದನ್ನು ತೆರೆದು ನೋಡಿದಾಗ, ಚಿಕ್ಕಂದಿನಲ್ಲಿ ಜಾಸ್ತಿ ನಗುನಗುತ್ತಾ ತಮಾಷೆಯಾಗಿದ್ದವರು ಸರಾಸರಿಯಲ್ಲಿ ಬೇಗ ಸತ್ತಿದ್ದರು. ಹೆಚ್ಚು ಬದುಕಿದವರು ಶಿಸ್ತಿನವರು. ಹೇಳಿದ ಹೊತ್ತಿಗೆ ಕೆಲಸ ಮುಗಿಸುವ, ನೋಡಿ ಕಾಲಿಡುವ ಜನ. "ಏನಾಗಲ್ಲ ಬಿಡೋ" ಎನ್ನುವ ಸ್ವಭಾವದವರು ಕುಡಿತ, ಸಿಗರೇಟು, ಗಾಡಿ ಓಡಿಸುವುದು ಎಲ್ಲದರಲ್ಲೂ ಹಾಗೇ ಇರುತ್ತಾರೆ. ಬಿಪಿ ಮಾತ್ರೆ ಬೀರುವಿಗೆ ಹಾಕುವುದೂ ಅದೇ ಸ್ವಭಾವ, ಅಲ್ವಾ?

ಇನ್ನೊಂದು ಪ್ರಶ್ನೆ. ನಿಟ್ಟುವಳ್ಳಿಯವರ ತಂದೆ ಬೆಳಿಗ್ಗೆ ಏಳುತ್ತಿದ್ದಾರೆ, ನಡೆಯುತ್ತಿದ್ದಾರೆ, ಬಿಸಿಲು ಕಾಣುತ್ತಿದ್ದಾರೆ, ನಾಲ್ಕು ಜನರ ಜೊತೆ ಮಾತಾಡುತ್ತಿದ್ದಾರೆ. ಇವೆಲ್ಲ ಒಟ್ಟಿಗೆ ಶುರುವಾಗಿವೆ. ಅದರಲ್ಲಿ "ಹಾ ಹಾ"ದ ಪಾಲು ಎಷ್ಟು ಎಂದು ಯಾರು ಅಳೆದರು?

ಹೊಳಲ್ಕೆರೆ ಸೊಸೆ

ಲೆಕ್ಕದವರೇ, ನಿಮ್ಮ ಲೆಕ್ಕಕ್ಕೆ ಎದುರು ಲೆಕ್ಕ ನನ್ನ ಹತ್ತಿರ ಇದೆ. ನಾರ್ವೆಯಲ್ಲಿ 53 ಸಾವಿರಕ್ಕೂ ಜಾಸ್ತಿ ಜನರನ್ನು 15 ವರ್ಷ ಹಿಂಬಾಲಿಸಿದ ಅಧ್ಯಯನ 2016ರಲ್ಲಿ ಬಂತು. ಯಾವುದೇ ವಿಷಯದಲ್ಲಿ ತಮಾಷೆಯ ಮುಖ ಬೇಗ ಕಾಣುವ ಹೆಂಗಸರಲ್ಲಿ ಸಾವಿನ ಪ್ರಮಾಣ ಕಡಿಮೆ ಇತ್ತು. ಗಂಡಸರಲ್ಲಿ ಸೋಂಕಿನಿಂದ ಬರುವ ಸಾವಿನಲ್ಲಿ ಮಾತ್ರ ಆ ವ್ಯತ್ಯಾಸ ಕಂಡಿತು. ಅವರು ಅಳೆದದ್ದು ಜೋರಾಗಿ ನಗುವುದನ್ನಲ್ಲ, ತಮಾಷೆ ಕಾಣುವ ಬುದ್ಧಿಯನ್ನು. ಅದು ನಮ್ಮ ಹೆಂಗಸರಿಗೆ ಬೇಕಾದಷ್ಟಿದೆ. ಹೊರಗೆ ಬಿಡಲಿಕ್ಕೆ ಜಾಗ ಇಲ್ಲ.

"ನಗೋ ಹೆಂಗಸನ್ನ, ಅಳೋ ಗಂಡಸನ್ನ ನಂಬಬಾರದು" ಎಂದು ಗಾದೆ ಮಾಡಿಟ್ಟ ನಾಡು ನಮ್ಮದು. ಮದುವೆಯಾಗಿ ಬಂದ ಹೊಸದರಲ್ಲಿ ಊಟಕ್ಕೆ ಬಡಿಸುವಾಗ ನನ್ನ ನಾದಿನಿ ಏನೋ ಅಂದಳು, ನಾನು ಜೋರಾಗಿ ನಕ್ಕುಬಿಟ್ಟೆ. ಪಂಕ್ತಿಯೇ ಸುಮ್ಮನಾಯಿತು. ಅತ್ತೆ ಏನೂ ಬೈಯಲಿಲ್ಲ, ಮಾವನವರ ಕಡೆ ನೋಡಿದರು, ಅಷ್ಟೇ. ಆಮೇಲೆ ನಾವಿಬ್ಬರೂ ನಗಬೇಕೆಂದರೆ ಹಿತ್ತಲಿಗೆ ಹೋಗುತ್ತಿದ್ದೆವು. ಹಿತ್ತಲಿನ ಬಾಗಿಲು ಹಾಕಿಕೊಂಡು ಅತ್ತೆಯೂ ಬಂದು ಸೇರಿಕೊಂಡದ್ದು ಬಹಳ ವರ್ಷದ ಮೇಲೆ. ಅವರ ಹತ್ತಿರ ಇದ್ದಷ್ಟು ತಮಾಷೆ ನನ್ನ ಹತ್ತಿರವೂ ಇಲ್ಲ.

ನಿಮ್ಮ ಪಾರ್ಕಿನ ಮೂವತ್ತು ಜನರಲ್ಲಿ ಹೆಂಗಸರು ಎಷ್ಟು? ಆರು ಗಂಟೆಗೆ ನಾವು ಒಲೆ ಮುಂದೆ ಇರುತ್ತೇವೆ. ಮತ್ತೆ ಇನ್ನೊಂದು ಕಾರಣವೂ ಇದೆ. ಹೆರಿಗೆಯಾದವರಿಗೆ ಗೊತ್ತಾಗುತ್ತದೆ. ಜೋರಾಗಿ ನಗಲಿಕ್ಕೆ ಹೆದರಿಕೆ. ಇದನ್ನು ಎಲ್ಲಿ ಕೇಳಬೇಕೋ ಗೊತ್ತಿಲ್ಲದೆ ಇಲ್ಲೇ ಕೇಳುತ್ತಿದ್ದೇನೆ ಸಿಸ್ಟರ್.

ವಾರ್ಡ್ ಸಿಸ್ಟರ್

ಕೇಳಿದ್ದು ಬಹಳ ಒಳ್ಳೆಯದಾಯಿತು ಅಕ್ಕ. ನಕ್ಕಾಗ, ಕೆಮ್ಮಿದಾಗ, ಸೀನಿದಾಗ ಮೂತ್ರ ಜಾರುವುದು ತುಂಬಾ ಹೆಂಗಸರಿಗೆ ಇದೆ. ಹೆರಿಗೆಯಲ್ಲಿ ಕೆಳಹೊಟ್ಟೆಯ ತಳದ ಸ್ನಾಯು ಸಡಿಲವಾಗಿರುತ್ತದೆ. ನಗುವಾಗ ಹೊಟ್ಟೆಯೊಳಗೆ ಒತ್ತಡ ಒಮ್ಮೆಲೇ ಏರುತ್ತದೆ, ಸ್ನಾಯು ತಡೆಯುವುದಿಲ್ಲ. ವಯಸ್ಸಾಯಿತು ಎಂದು ಸಹಿಸಿಕೊಳ್ಳಬೇಕಾದ್ದಲ್ಲ. ಅಮೆರಿಕದ ಡಾಕ್ಟರ್ ಅರ್ನಾಲ್ಡ್ ಕೆಗೆಲ್ 1948ರಲ್ಲಿ ಇದಕ್ಕೆ ವ್ಯಾಯಾಮ ಹೇಳಿಕೊಟ್ಟರು. ಮೂತ್ರ ಬಂದಾಗ ಹಿಡಿದುಕೊಳ್ಳುತ್ತೇವಲ್ಲ, ಆ ಸ್ನಾಯುವನ್ನು ಬಿಗಿ ಮಾಡಿ ಕೆಲವು ಸೆಕೆಂಡ್ ಹಿಡಿದು ಬಿಡಬೇಕು. ಕೂತಲ್ಲಿ, ನಿಂತಲ್ಲಿ, ಅಡುಗೆ ಮಾಡುತ್ತಾ ಮಾಡಬಹುದು. ಯಾರಿಗೂ ಗೊತ್ತಾಗುವುದಿಲ್ಲ. ಮೂತ್ರ ಮಾಡುವಾಗಲೇ ಅಭ್ಯಾಸ ಮಾಡಬೇಡಿ. ಮೂರು ತಿಂಗಳಾದರೂ ಬಿಡದೆ ಮಾಡಿದರೆ ವ್ಯತ್ಯಾಸ ಕಾಣುತ್ತದೆ. ಕಡಿಮೆಯಾಗದಿದ್ದರೆ ಹೆರಿಗೆ ಡಾಕ್ಟರ ಹತ್ತಿರ ಬಾಯಿಬಿಟ್ಟು ಹೇಳಿ. ಅವರಿಗೆ ಇದು ದಿನನಿತ್ಯದ ವಿಷಯ.

ಗಿರಣಿ ಕಾರ್ಮಿಕನ ಮಗ

ನಗು ಎಲ್ಲರಿಗೂ ಹಗುರವಲ್ಲ. ನಮ್ಮಪ್ಪ ಇಲ್ಲಿನ ಹತ್ತಿ ಗಿರಣಿಯಲ್ಲಿ ಕೆಲಸ ಮಾಡಿದವರು. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎನ್ನುತ್ತಿದ್ದ ಕಾಲ ಅದು. ಹತ್ತಿಯ ಧೂಳು ಎದೆಯಲ್ಲಿ ಕೂತಿತ್ತು. ಬಿಸಿನೋಸಿಸ್ ಎನ್ನುತ್ತಾರೆ ಅದಕ್ಕೆ. ಶುರುವಿನಲ್ಲಿ ವಾರದ ರಜೆ ಮುಗಿಸಿ ಗಿರಣಿಗೆ ಹೋದ ದಿನ ಎದೆ ಬಿಗಿಯುತ್ತದೆ, ಉಳಿದ ದಿನ ಸಡಿಲ. ವರ್ಷಗಳು ಕಳೆದಂತೆ ಎಲ್ಲ ದಿನವೂ ಬಿಗಿ.

ಅಪ್ಪನಿಗೆ ನಗು ಬಂದರೆ ಕೆಮ್ಮು ಬರುತ್ತಿತ್ತು. ಕೆಮ್ಮು ಬಂದರೆ ಉಸಿರು ಸಿಕ್ಕುತ್ತಿರಲಿಲ್ಲ. ಸಂಜೆ ಕಟ್ಟೆಯ ಮೇಲೆ ಹಳೆಯ ಗಿರಣಿಯವರು ಸೇರುತ್ತಿದ್ದರು. ಸೂಪರ್‌ವೈಸರ್ ಹೇಗೆ ನಡೆಯುತ್ತಿದ್ದ, ಸೈರನ್ ಆದಾಗ ಯಾರು ಯಾವ ಗೋಡೆ ಹಾರುತ್ತಿದ್ದರು, ಇವೇ ಮಾತು. ಅಪ್ಪ ಬಂದರೆ ಎಲ್ಲರೂ ಸುಮ್ಮನಾಗಿಬಿಡುತ್ತಿದ್ದರು. ಪಾಪ, ಒಳ್ಳೆಯ ಮನಸ್ಸಿನಿಂದಲೇ. ನಕ್ಕರೆ ಇವನಿಗೆ ಕಷ್ಟ ಎಂದು. ಒಂದು ದಿನ ಅಪ್ಪನಿಗೆ ಸಿಟ್ಟು ಬಂತು. "ಕೆಮ್ಮು ಬಂದರೆ ಬರಲಿ ಕಣ್ರೋ, ನನ್ನ ಬಿಟ್ಟು ನಗಬೇಡ್ರಿ" ಎಂದರು. ಆಮೇಲೆ ಕಟ್ಟೆಯವರು ಒಂದು ಉಪಾಯ ಮಾಡಿದರು. ಅಪ್ಪ ಪಂಪ್ ಎಳೆದುಕೊಂಡು ಕೈ ಎತ್ತುವವರೆಗೆ ಕಥೆಯ ಕೊನೆಯನ್ನು ಹೇಳುತ್ತಿರಲಿಲ್ಲ.

ಫಿಸಿಯಾಲಜಿ ಲ್ಯಾಬ್

ಗಿರಣಿ ಕಾರ್ಮಿಕನ ಮಗನವರೇ, ನಿಮ್ಮ ತಂದೆಯವರಿಗೆ ಆಗುತ್ತಿದ್ದದ್ದಕ್ಕೆ ಕಾರಣ ಇದೆ. ನಗುವೆಂದರೆ ತುಂಡು ತುಂಡಾಗಿ ಉಸಿರು ಹೊರಗೆ ದಬ್ಬುವುದು. ನಡುವೆ ಒಳಗೆ ಎಳೆದುಕೊಳ್ಳಲಿಕ್ಕೆ ಬಿಡುವಿಲ್ಲ. ಶ್ವಾಸಕೋಶ ಮಾಮೂಲಿಗಿಂತ ಬಹಳ ಖಾಲಿಯಾಗುತ್ತದೆ, ಸಣ್ಣ ನಾಳಗಳು ಮುಚ್ಚಿಕೊಳ್ಳುತ್ತವೆ. ಆಸ್ತಮಾ ಇರುವವರಲ್ಲೂ ನಗುವಿನಿಂದ ಉಬ್ಬಸ ಬರುವುದು ಸಾಮಾನ್ಯ. ನಕ್ಕಾಗೆಲ್ಲ ಕೆಮ್ಮು ಬರುತ್ತದೆ ಎಂದರೆ ಆಸ್ತಮಾ ಹತೋಟಿಯಲ್ಲಿಲ್ಲ ಎಂದು ಅರ್ಥ.

2013ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಇಬ್ಬರು ವೈದ್ಯರು ನಗುವಿನ ಲಾಭ, ಅಪಾಯ ಎರಡನ್ನೂ ಹುಡುಕಿ ಬರೆದರು. ಲಾಭದ ಪಟ್ಟಿ ಇದ್ದಂತೆ ಅಪಾಯದ್ದೂ ಇತ್ತು: ಆಸ್ತಮಾ, ಮೂರ್ಛೆ, ದವಡೆ ಜಾರುವುದು, ಹರ್ನಿಯಾ. ಇವೆಲ್ಲ ಅಪರೂಪ, ಹೆದರಬೇಡಿ. ಆದರೆ "ಯಾರಿಗೂ ಏನೂ ಆಗುವುದಿಲ್ಲ" ಎನ್ನುವ ಮಾತೂ ಸರಿಯಲ್ಲ.

ಚಳ್ಳಕೆರೆ ಶೇಂಗಾ

ನಮ್ಮ ದೊಡ್ಡಪ್ಪನಿಗೆ ಲಕ್ವ ಹೊಡೆದ ಮೇಲೆ ವಿಚಿತ್ರ ಶುರುವಾಗಿದೆ. ಏನೂ ಇಲ್ಲದೆ ನಗುತ್ತಾರೆ. ನಿಲ್ಲಿಸಲಿಕ್ಕೆ ಆಗುವುದಿಲ್ಲ. ಮೊನ್ನೆ ಹತ್ತಿರದವರ ಸಾವಿಗೆ ಕರೆದುಕೊಂಡು ಹೋದೆವು, ಹೆಣದ ಮುಂದೆ ನಕ್ಕುಬಿಟ್ಟರು. ಜನ ಏನೇನೋ ಅಂದರು. ಮನೆಗೆ ಬಂದು ದೊಡ್ಡಪ್ಪ ಅತ್ತರು. ಅದು ನಿಜವಾದ ಅಳು. ಇದಕ್ಕೂ ಔಷಧಿ ಇದೆಯಾ? ತಲೆ ಕೆಟ್ಟಿದೆ ಎನ್ನುತ್ತಿದ್ದಾರೆ ಮನೆಯವರು.

ವಾರ್ಡ್ ಸಿಸ್ಟರ್

ತಲೆ ಕೆಟ್ಟಿಲ್ಲ. ದಯವಿಟ್ಟು ಮನೆಯವರಿಗೆ ಇದನ್ನು ಓದಿ ಹೇಳಿ. ನಗು, ಅಳುವಿಗೆ ಹಗ್ಗ ಹಿಡಿಯುವ ಮೆದುಳಿನ ದಾರಿಗೆ ಲಕ್ವದಲ್ಲಿ ಪೆಟ್ಟಾಗಿರುತ್ತದೆ. ಒಳಗೆ ದುಃಖವೇ ಇದ್ದರೂ ಹೊರಗೆ ನಗು ಬರುತ್ತದೆ. ಸೂಡೋಬಲ್ಬಾರ್ ಅಫೆಕ್ಟ್ ಎಂದು ಹೆಸರು. ಇದಕ್ಕೇ ಎಂದು ಅಮೆರಿಕದಲ್ಲಿ 2010ರಲ್ಲಿ ಒಂದು ಔಷಧಿಗೆ ಒಪ್ಪಿಗೆ ಸಿಕ್ಕಿದೆ. ಖಿನ್ನತೆಗೆ ಕೊಡುವ ಕೆಲವು ಮಾತ್ರೆಗಳಿಂದಲೂ ಕಡಿಮೆಯಾಗುತ್ತದೆ. ನರರೋಗ ತಜ್ಞರಿಗೆ ತೋರಿಸಿ. ನಗು ಬಂದಾಗ "ಯಾಕೆ ನಗುತ್ತೀಯ" ಎಂದು ಕೇಳಬೇಡಿ, ಮಾತು ಬೇರೆ ಕಡೆ ತಿರುಗಿಸಿ. ಸಾಧ್ಯವಾದರೆ ಆಗುವಾಗಲೇ ಮೊಬೈಲ್‌ನಲ್ಲಿ ವಿಡಿಯೋ ಮಾಡಿಕೊಳ್ಳಿ. ಡಾಕ್ಟರ ಮುಂದೆ ಕೂತಾಗ ಬರುವುದೇ ಇಲ್ಲ ಅದು.

ದುರ್ಗದ ಮೇಷ್ಟ್ರು

ಖುಷಿ ಇಲ್ಲದ ನಗು ಎಂದಾಗ ನೆನಪಾಯಿತು. 1962ರ ಜನವರಿ 30ರಂದು ಈಗಿನ ತಾಂಜಾನಿಯಾದ ಕಶಾಶಾ ಎಂಬ ಊರಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಮೂವರು ಹುಡುಗಿಯರು ನಗಲಿಕ್ಕೆ ಶುರು ಮಾಡಿದರು. ನಗು ಹರಡಿತು. 159 ಮಕ್ಕಳಲ್ಲಿ 95 ಮಕ್ಕಳಿಗೆ ಬಂತು. ಕೆಲವರಿಗೆ ಗಂಟೆಗಟ್ಟಲೆ, ಕೆಲವರಿಗೆ ದಿನಗಟ್ಟಲೆ. ಜೊತೆಗೆ ಅಳು, ಹೆದರಿಕೆ. ಮಾರ್ಚ್‌ನಲ್ಲಿ ಶಾಲೆಯನ್ನೇ ಮುಚ್ಚಿದರು. ಮನೆಗೆ ಹೋದ ಮಕ್ಕಳಿಂದ ಬೇರೆ ಹಳ್ಳಿಗೂ ಹೋಯಿತು. ಸೋಂಕು, ವಿಷ ಏನೂ ಸಿಗಲಿಲ್ಲ. ಕಟ್ಟುನಿಟ್ಟಿನ ಶಾಲೆ, ಮಕ್ಕಳ ಮೇಲಿನ ಒತ್ತಡ ಹಾಗೆ ಹೊರಬಂತು ಎಂದು ಆಮೇಲೆ ನೋಡಿದವರು ಹೇಳಿದರು. ಮೇಷ್ಟ್ರಾಗಿದ್ದವನಿಗೆ ಇದು ಆಶ್ಚರ್ಯ ಅಲ್ಲ. ಪರೀಕ್ಷೆ ಹಾಲ್‌ನಲ್ಲಿ ಒಬ್ಬ ಹುಡುಗ ಕಿಸಕ್ಕೆಂದರೆ ಮೂರು ಬೆಂಚು ಹಿಡಿಯುವುದು ಕಷ್ಟ.

ನಿಟ್ಟುವಳ್ಳಿ ಮಗಳು

ಎಲ್ಲರಿಗೂ ಧನ್ಯವಾದ. ಸಿಸ್ಟರ್ ಬರೆದದ್ದನ್ನು ಅಪ್ಪನಿಗೆ ಓದಿ ಹೇಳಿದೆ. ಗಂಟೆಗಳ ಲೆಕ್ಕ ಬಂದ ಕೂಡಲೇ ಕಿವಿ ನಿಮಿರಿತು, ಹಳೆಯ ಗುಮಾಸ್ತರಲ್ಲವೇ. "ಹಾಗಾದರೆ ಹಳೆ ಬಾಕಿಯನ್ನು ನಾನು ಲಾಭ ಅಂತ ಬರೆದುಕೊಂಡೆ" ಎಂದರು. ಡಾಕ್ಟರ್ ಹತ್ತಿರ ಹೋಗಲಿಕ್ಕೆ ಒಪ್ಪಿದ್ದಾರೆ. ಆದರೆ ಶುಗರ್ ಬಗ್ಗೆ ಇನ್ನೂ ವಾದ ಮಾಡುತ್ತಾರೆ. ಜೊತೆಗೆ "ಆ ಎದುರು ಮನೆಯ ಹುಡುಗ ಯಾರು, ಕರಿ" ಎನ್ನುತ್ತಿದ್ದಾರೆ.

ಪಾರ್ಕ್ ಎದುರಿನ ಮನೆ

ಆ ಸೀಟಿ ಊದುವವರು ನಿಮ್ಮ ತಂದೆಯವರಾ?

ನಿಟ್ಟುವಳ್ಳಿ ಮಗಳು

ಅಲ್ಲ. ಸೀಟಿ ಅಂಕಲ್ ಬೇರೆ. ಅಪ್ಪ ಎರಡನೇ ಸಾಲು.

ಲೆಕ್ಕದ ಮನುಷ್ಯ

ಶುಗರ್ ಬಗ್ಗೆ ಅಪ್ಪನಿಗೆ ಹೇಳಿ: ಎಚ್‌ಬಿಎ1ಸಿ ಟೆಸ್ಟ್ ಹಿಂದಿನ ಎರಡು ಮೂರು ತಿಂಗಳ ಸರಾಸರಿ ತೋರಿಸುತ್ತದೆ. ಒಂದು ದಿನದ ರೀಡಿಂಗ್ ದಿನವಹಿ ಪುಸ್ತಕ, ಇದು ಖಾತೆ ಪುಸ್ತಕ. ಗುಮಾಸ್ತರು ಖಾತೆ ನೋಡದೆ ಲಾಭ ಹೇಳಬಾರದು.

ಫಿಸಿಯಾಲಜಿ ಲ್ಯಾಬ್

ಎದುರು ಮನೆಯವರು ಶುರುವಿನಲ್ಲಿ ಅದು ನಗುವಲ್ಲ, ಡ್ರಿಲ್ ಎಂದಿದ್ದರು. ಅರ್ಧ ನಿಜ. ನಟನೆಯ ನಗುವನ್ನೂ ನಿಜವಾದ ನಗುವನ್ನೂ ಕೇಳುವವರ ಮೆದುಳು ಬೇರೆ ಬೇರೆಯಾಗಿ ಹಿಡಿಯುತ್ತದೆ ಎಂದು ಲಂಡನ್ನಿನ ಸೋಫಿ ಸ್ಕಾಟ್ ತಂಡ ತೋರಿಸಿದೆ. "ಮೈಗೆ ಎರಡಕ್ಕೂ ವ್ಯತ್ಯಾಸ ಗೊತ್ತಾಗುವುದಿಲ್ಲ" ಎಂದು ಕ್ಲಬ್‌ನವರು ಹೇಳುವುದನ್ನು ನಾನು ಒಪ್ಪುವುದಿಲ್ಲ. ಆದರೆ ಎದುರಿನವರ ಮುಖ ನೋಡುತ್ತಾ ನಟನೆ ನಿಜವಾಗಿಬಿಡುತ್ತದೆ, ಅದೂ ಸತ್ಯ.

ರಾಬರ್ಟ್ ಪ್ರೊವೈನ್ ಎಂಬ ಮನಶ್ಶಾಸ್ತ್ರಜ್ಞ ಅಂಗಡಿ, ಕಾಲೇಜು, ಬೀದಿಗಳಲ್ಲಿ ನಿಂತು 1,200 ಸಲ ಜನ ನಕ್ಕದ್ದನ್ನು ಬರೆದುಕೊಂಡ. ಜೋಕಿನಂಥ ಮಾತಿಗೆ ಬಂದ ನಗು 20 ಶೇಕಡಕ್ಕಿಂತಲೂ ಕಡಿಮೆ. ಉಳಿದದ್ದೆಲ್ಲ "ಹೌದಾ, ಬಂದೆಯಾ", "ಸರಿ, ನಾಳೆ ಸಿಗೋಣ" ಎನ್ನುವಂಥ ಮಾತಿಗೆ. ಕೇಳುವವರಿಗಿಂತ ಮಾತಾಡುವವರೇ ಜಾಸ್ತಿ ನಗುತ್ತಿದ್ದರು. ಒಬ್ಬರೇ ಇದ್ದಾಗಿನದಕ್ಕಿಂತ ಜೊತೆಯಲ್ಲಿ ಇದ್ದಾಗ ನಗು ಸುಮಾರು 30 ಪಟ್ಟು ಹೆಚ್ಚು ಎಂದೂ ಅವನು ಕಂಡುಕೊಂಡ. ಮೇಷ್ಟ್ರ ಚಂದ್ರವಳ್ಳಿ ಗುಂಪಿನಲ್ಲಿ ಜೋಕಿಲ್ಲದೆ ನಗು ಬರುವುದು ಇದಕ್ಕೇ.

ಹಾಗಾಗಿ ನನ್ನ ವಿದ್ಯಾರ್ಥಿಗಳಿಗೆ ನಾನು ಹೇಳುವುದು: ವಯಸ್ಸಾದ ರೋಗಿಯನ್ನು "ನಗುತ್ತೀರಾ" ಎಂದು ಕೇಳಬೇಡಿ, "ಸಂಜೆ ಯಾರ ಜೊತೆ ಕೂರುತ್ತೀರಿ" ಎಂದು ಕೇಳಿ.

ಕ್ಯಾಂಪ್ ಕಲಾವಿದ

ಎದುರು ಮನೆ ತಮ್ಮಾ, ಪಾರ್ಕಿನವರಿಗೆ ಆ ಕಡೆಯ ಗೇಟಿನ ಹತ್ತಿರ ನಿಲ್ಲಲಿಕ್ಕೆ ಹೇಳು. ಬೈದು ಅಲ್ಲ, ಒಂದು ದಿನ ರಾತ್ರಿ ಪಾಳಿಯಿಂದ ನೇರ ಅಲ್ಲಿಗೆ ಹೋಗಿ ನಿಂತು ಹೇಳು. ಕೆಂಪು ಕಣ್ಣು ನೋಡಿದರೆ ಅವರಿಗೇ ಅರ್ಥವಾಗುತ್ತದೆ.

ಪಾರ್ಕ್ ಎದುರಿನ ಮನೆ

ಹೋಗಿ ನಿಂತರೆ ಕೈ ಎತ್ತಿಸಿ ಹೋ ಹೋ ಮಾಡಿಸುತ್ತಾರೆ. ಆದರೂ ಹೋಗುತ್ತೇನೆ. ಸೀಟಿಯಂತೂ ನಿಲ್ಲಲೇಬೇಕು.

ಭದ್ರಾ ನಾಲೆ

ತಡವಾಗಿ ಬಂದೆ. ನನಗೆ ಹರ್ನಿಯಾ ಆಪರೇಷನ್ ಆಗಿ ಹೊಲಿಗೆ ಇನ್ನೂ ಬಿಚ್ಚಿಲ್ಲ. ಮಲಗಿಕೊಂಡು ಈ ಚರ್ಚೆಯನ್ನೆಲ್ಲ ಓದಿ ಹೊಟ್ಟೆ ಹಿಡಿದುಕೊಂಡಿದ್ದೇನೆ, ನಿಜವಾಗಿಯೂ. ಏನು ಮಾಡಬೇಕು ಸಿಸ್ಟರ್? ಕ್ಲಬ್‌ಗೆ ಯಾವಾಗ ಹೋಗಬಹುದು?

ವಾರ್ಡ್ ಸಿಸ್ಟರ್

ನಗು ಅಥವಾ ಕೆಮ್ಮು ಬರುತ್ತದೆ ಎನ್ನಿಸಿದ ಕೂಡಲೇ ಮೆತ್ತನೆಯ ದಿಂಬನ್ನು ಹೊಲಿಗೆಯ ಮೇಲೆ ಎರಡೂ ಕೈಯಿಂದ ಒತ್ತಿ ಹಿಡಿದುಕೊಳ್ಳಿ. ನೋವು ಕಡಿಮೆಯಾಗುತ್ತದೆ. ಹೊಲಿಗೆ ಕೆಂಪಾದರೆ, ಊದಿಕೊಂಡರೆ, ನೀರು ಜಿನುಗಿದರೆ ಕಾಯಬೇಡಿ, ಆಸ್ಪತ್ರೆಗೆ ಹೋಗಿ. ಕ್ಲಬ್, ಭಾರ ಎತ್ತುವುದು ಎರಡೂ ಆಪರೇಷನ್ ಮಾಡಿದ ಡಾಕ್ಟರು ಸರಿ ಎಂದ ಮೇಲೆಯೇ. ಅಲ್ಲಿಯವರೆಗೆ ಖಾರಾ ಮಂಡಕ್ಕಿಯವರ ಕಾಮೆಂಟ್ ಓದಬೇಡಿ.

ಖಾರಾ ಮಂಡಕ್ಕಿ

ದಿಂಬು ಗಟ್ಟಿಯಾಗಿ ಹಿಡಿದುಕೊಳ್ಳಿ ಸಾರ್, ಈಗ ಬರೆಯುತ್ತೇನೆ.